ಟವರ್ ಹೋದರೆ ದಾರಿಯೂ ಹೋಗಬೇಕಾ?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ನಿಮ್ಮ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿರುವ ಆ ದೊಡ್ಡ ಸ್ಕ್ರೀನ್ ಬಗ್ಗೆ ಮಾತಾಡೋಣ.

ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಕಾರುಗಳು ಚಿಕ್ಕಬಳ್ಳಾಪುರದ ಕಡೆ ತಿರುಗುತ್ತವೆ. ನಂದಿಬೆಟ್ಟ, ಸ್ಕಂದಗಿರಿ, ಆದಿಯೋಗಿ. ಅಲ್ಲಿಂದ ಕೆಲವರು ಮಂಚೇನಹಳ್ಳಿ ಮೇಲೆ ಗೌರಿಬಿದನೂರಿಗೆ, ವಿದುರಾಶ್ವತ್ಥಕ್ಕೆ. ಇನ್ನು ಕೆಲವರು ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೈವಾರಕ್ಕೆ. ಫೋನನ್ನು ಕಾರಿಗೆ ಜೋಡಿಸಿದರೆ ಸಾಕು, ಆಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ದಾರಿ ಹೇಳುತ್ತೆ. ಆದರೆ ಹೆದ್ದಾರಿ ಬಿಟ್ಟು ಬೆಟ್ಟದ ಮರೆಗೆ ಹೋದಾಗ ಸಿಗ್ನಲ್ ಕೈಕೊಟ್ಟರೆ? ಹಾಡು ನಿಲ್ಲುತ್ತೆ. ಒಂದು ತಿರುವು ತಪ್ಪಿದರೆ ಹೊಸ ದಾರಿ ಹುಡುಕಲಾಗದೆ ಮ್ಯಾಪ್ ಸುಮ್ಮನಾಗಿಬಿಡುತ್ತೆ. ಲಕ್ಷಾಂತರ ರೂಪಾಯಿಯ ಕಾರು, ಆದರೂ ದಾರಿ ಗೊತ್ತಿಲ್ಲ!

ನೆಟ್‌ವರ್ಕ್ ಹೋದರೆ ಜಿಪಿಎಸ್ಸೂ ಹೋಯ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ, ನೋಡಿ. ಜಿಪಿಎಸ್ ಸಂಕೇತ ಬರೋದು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಂದ. ನಾಲ್ಕು ಉಪಗ್ರಹ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಫೋನ್ ಲೆಕ್ಕ ಹಾಕುತ್ತೆ. ಫೋನಿಗೂ ಕಾರಿಗೂ ಇರುವ ನಂಟು ಕೇಬಲ್‌ನದ್ದು, ಇಲ್ಲವೇ ಬ್ಲೂಟೂತ್, ವೈಫೈನದ್ದು. ಅದಕ್ಕೂ ಟವರ್ ಬೇಡ. ಇಂಟರ್‌ನೆಟ್‌ನಿಂದ ಬರಬೇಕಾದ್ದು ನಕ್ಷೆ ಮಾತ್ರ. ಅದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಅಂತಲೇ ಇದೆ. ಐಫೋನಿನ ಆ್ಯಪಲ್ ಮ್ಯಾಪ್ಸ್‌ನಲ್ಲೂ 2023ರಿಂದ ಬಂದಿದೆ. ಅದಕ್ಕೆ ಹೆಚ್ಚುವರಿ ದುಡ್ಡು ಕೊಡಬೇಕಾಗಿಲ್ಲ. ಆಗಾಗ ಅಪ್‌ಡೇಟ್ ಮಾಡಿದರಾಯ್ತು.

ಆದರೆ ಒಂದು ಎಚ್ಚರಿಕೆ. ಇಳಿಸಿಟ್ಟ ನಕ್ಷೆಗೆ ಟ್ರಾಫಿಕ್ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಅಗೆದ ರಸ್ತೆ ಗೊತ್ತಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಜಿಪಿಎಸ್ ನಂಬಿ ಹೋದ ಕಾರು ಅರ್ಧಕ್ಕೇ ತುಂಡಾಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಮ್ಯಾಪ್ ಹೇಳುತ್ತೆ, ಸ್ಟೀರಿಂಗ್ ಹಿಡಿದಿರೋದು ನೀವು. ಅನುಮಾನ ಬಂದರೆ ಗಾಡಿ ನಿಲ್ಲಿಸಿ, ಊರಿನವರನ್ನು ಕೇಳಿ. ಹಿಪ್ಪುನೇರಳೆ ಸೊಪ್ಪು ಹೊತ್ತುಕೊಂಡು ಹೋಗ್ತಿರೋ ಅಜ್ಜನಿಗೆ ಆ ದಾರಿ ಯಾವ ಆ್ಯಪ್‌ಗಿಂತಲೂ ಚೆನ್ನಾಗಿ ಗೊತ್ತು.

ಪಿಕ್‌ನಿಕ್‌ಗೆ ಹೋದವರು ದಾರಿ ತಪ್ಪಿದರೆ ಒಂದು ಗಂಟೆ ಹಾಳು, ಅಷ್ಟೇ. ರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಚಿಂತಾಮಣಿ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿರೋ ಕಾರಿಗೆ ಸಿಗ್ನಲ್ ಸಿಗದಿದ್ದರೆ? ನಿಮ್ಮ ಸಿಮ್‌ಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಹತ್ತಿರದಲ್ಲಿದ್ದರೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನಿಸಿ. ಯಾವ ಟವರೂ ಇಲ್ಲದ ಕಡೆ ಆ ಕರೆಯೂ ಹೋಗಲ್ಲ. ಅಲ್ಲಿ ಟವರ್ ಹಾಕಿಸೋದು ಸರ್ಕಾರದ, ಟೆಲಿಕಾಂ ಕಂಪನಿಗಳ ಹೊಣೆ.

ಶೋರೂಂನವರಿಗೂ ಒಂದು ಮಾತು. ಕೀ ಕೊಡುವಾಗ ಹಾರ ಹಾಕಿ ಫೋಟೋ ತೆಗೀತೀರಿ. ಜೊತೆಗೆ ಐದು ನಿಮಿಷ ಕೂತು, ನೆಟ್‌ವರ್ಕ್ ಇಲ್ಲದಾಗ ಈ ಸ್ಕ್ರೀನ್ ಬಳಸೋದು ಹೇಗೆ ಅಂತ ಹೇಳಿಕೊಡಿ. ಗ್ರಾಹಕ ದುಡ್ಡು ಕೊಟ್ಟಿರೋದು ಅದಕ್ಕೂ ಸೇರಿಯೇ.