ರಸ್ತೆಯ ಹೊಂಡದಲ್ಲೊಂದು ಮೊಸಳೆ

(ಸಾವನೇರಿನಲ್ಲಿ ಸೇರಿದ ಕನ್ನಡ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಏಳನೆಯ ತರಗತಿ. ಹದಿನಾಲ್ಕು ತುಂಬುವ ಮೊದಲೇ ಊರು ಬಿಟ್ಟು ಬಂದು, ಹೋಟೆಲಿನಲ್ಲಿ ಮಾಣಿಯಾಗಿ ಮೇಜು ಒರೆಸಿದವನು. ಅಂಥವನಿಗೆ ಅಧ್ಯಕ್ಷರು ಕಲೆಯ ವಿಷಯ ಮಾತಾಡಲು ಅಪ್ಪಣೆ ಮಾಡಿದ್ದಾರೆ. ಪಂಡಿತರ ಮಾತು ನನ್ನಿಂದಾಗದು. ಕಂಡದ್ದನ್ನೂ ಓದಿ ತಿಳಿದದ್ದನ್ನೂ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾವು ಸೇರಿರುವ ಈ ಊರು ಕಲಾವಿದನೊಬ್ಬನ ನೆನಪಿನ ಊರು. ಮರಾಠಿಯ ದೊಡ್ಡ ನಾಟಕಕಾರ ರಾಮ ಗಣೇಶ ಗಡಕರಿಯವರು 1919ರ ಜನವರಿ 23ರಂದು ಇದೇ ಸಾವನೇರಿನಲ್ಲಿ ತೀರಿಕೊಂಡರು. ಆಗ ಅವರಿಗೆ 33 ವರ್ಷ. ಕುಡಿತದಿಂದ ಒಂದು ಸಂಸಾರ ಮಣ್ಣುಪಾಲಾಗುವುದನ್ನು ತೋರಿಸಿದ ಅವರ 'ಏಕಚ್ ಪ್ಯಾಲಾ' ನಾಟಕ ರಂಗಕ್ಕೆ ಬಂದದ್ದನ್ನು ನೋಡಲು ಅವರು ಬದುಕಿರಲಿಲ್ಲ. ಆದರೆ ಬಂಧುಗಳೇ, ನಾಟಕಕ್ಕೆ ಟಿಕೇಟು ಬೇಕು, ಬಿಡುವು ಬೇಕು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಸೊಂಟ ನೆಟ್ಟಗೆ ಮಾಡುವವನಿಗೆ ಅವೆರಡೂ ಇಲ್ಲ. ಅವನ ಬಳಿಗೆ ಕಲೆಯೇ ಬೀದಿಗಿಳಿದು ಬರಬೇಕು.

ಹಾಗೆ ಬೀದಿಗಿಳಿದವರಲ್ಲಿ ನಮ್ಮ ಕನ್ನಡಿಗರೇ ಒಬ್ಬರಿದ್ದಾರೆ. ಅವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಲ್ಲಿ ಕಲಿತವರು. 2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡದೊಂದು ಹೊಂಡ ನೀರು ತುಂಬಿ ನಿಂತಿತ್ತು. ಬಹಳ ದಿನಗಳಾದರೂ ಮುಚ್ಚುವವರಿಲ್ಲ. ನಂಜುಂಡಸ್ವಾಮಿಯವರು ಆ ಹೊಂಡವನ್ನು ಕೆರೆಯ ಹಾಗೆ ಮಾಡಿ, ಅದರೊಳಗೆ ನಿಜವಾದ ಮೊಸಳೆಯಷ್ಟೇ ದೊಡ್ಡದಾದ ಒಂದು ಫೈಬರ್ ಮೊಸಳೆಯನ್ನು ತಂದಿಟ್ಟರು. ನೋಡಲು ಜನ ಸೇರಿದರು, ಪತ್ರಿಕೆಯವರು ಬಂದರು. ಅವರ ಹಿಂದೆಯೇ ಪಾಲಿಕೆಯವರೂ ಬಂದು ಹೊಂಡ ಮುಚ್ಚಿದರು.

2017ರಲ್ಲಿ ಬೆಂಗಳೂರಿನ ರಸ್ತೆಗುಂಡಿಗಳಿಂದ ಜೀವಗಳೇ ಹೋದವು. ಆಗ ದಂಡುಪ್ರದೇಶದ ನಡುರಸ್ತೆಯ ನೀರುಗುಂಡಿಯಲ್ಲಿ ಅವರು ಒಬ್ಬ ನಟಿಯನ್ನು ಮತ್ಸ್ಯಕನ್ಯೆಯಾಗಿ ಕೂರಿಸಿದರು. 2019ರ ಸೆಪ್ಟೆಂಬರಿನಲ್ಲಿ ದೇಶವೆಲ್ಲ ಚಂದ್ರಯಾನ-2ರ ಕಡೆ ಕಣ್ಣು ನೆಟ್ಟಿತ್ತು. ಹೇರೋಹಳ್ಳಿಯ ಕಡೆ ರಾತ್ರಿ ಹೊತ್ತು ಒಬ್ಬ ನಟನಿಗೆ ಗಗನಯಾತ್ರಿಯ ಉಡುಪು ತೊಡಿಸಿ, ಕಿತ್ತುಹೋದ ರಸ್ತೆಯ ಮೇಲೆ ಮೆಲ್ಲಗೆ ಹೆಜ್ಜೆ ಹಾಕಿಸಿ ಚಿತ್ರ ತೆಗೆದರು. ನೋಡಿದವರು ಮೊದಲು ಚಂದ್ರಲೋಕವೆಂದೇ ಭಾವಿಸಿದರು. ಪಕ್ಕದಲ್ಲಿ ಆಟೋ ಹಾದಾಗ ತಿಳಿಯಿತು, ಇದು ನಮ್ಮ ಬೀದಿ ಎಂದು! ಮಾರನೆಯ ದಿನವೇ ಅಲ್ಲಿ ದುರಸ್ತಿಯ ಕೆಲಸ ಶುರುವಾಯಿತು.

ನೂರು ಅರ್ಜಿಯಿಂದ ಆಗದ್ದು ಒಂದು ಮೊಸಳೆಯಿಂದ ಹೇಗಾಯಿತು? ಅರ್ಜಿಯನ್ನು ಓದುವವನು ಒಬ್ಬ ಗುಮಾಸ್ತ. ಅದನ್ನು ಅಡಿಗೆ ಹಾಕಿದರೆ ಕೇಳುವವರಿಲ್ಲ. ಚಿತ್ರವನ್ನಾದರೋ ಊರೇ ನೋಡುತ್ತದೆ. ಅಕ್ಷರ ಬಾರದವನಿಗೂ ಅದು ಅರ್ಥವಾಗುತ್ತದೆ. ಅದರಲ್ಲಿ ಬೈಗುಳವಿಲ್ಲ, ಕಲ್ಲೆಸೆತವಿಲ್ಲ. ಆದುದರಿಂದ ಕೋಪ ಮಾಡಿಕೊಳ್ಳಲು ಅಧಿಕಾರಿಗೆ ನೆಪ ಸಿಗುವುದಿಲ್ಲ. ಜನ ನಗುತ್ತಾರೆ. ಆ ನಗುವೇ ಹೊಣೆಗಾರನಿಗೆ ನಾಚಿಕೆಯಾಗಿ ತಾಗುತ್ತದೆ.

ನನ್ನದೇ ಅನುಭವ ಒಂದನ್ನು ಹೇಳುತ್ತೇನೆ. ಹೋಟೆಲಿನ ಹೆಸರು ಬೇಡ. ಅಡಿಗೆಮನೆಯ ಹಿಂದಿನ ಮೆಟ್ಟಿಲ ಕಲ್ಲು ಒಡೆದು, ಎಣ್ಣೆಜಿಡ್ಡು ಹಿಡಿದಿತ್ತು. ಕುದಿಯುವ ಸಾಂಬಾರಿನ ಪಾತ್ರೆ ಹೊತ್ತು ಬರುತ್ತಿದ್ದ ನಮ್ಮ ಹುಡುಗನೊಬ್ಬ ಅಲ್ಲಿ ಜಾರಿದ. ಮೊಣಕಾಲಿಂದ ಹಿಮ್ಮಡಿಯವರೆಗೆ ಸುಟ್ಟಿತು. ಅವನು ಮಲಗಿದ ಹದಿನೆಂಟು ದಿನಗಳ ಸಂಬಳವನ್ನೂ ದಣಿಗಳು ಮುರಿದುಕೊಂಡರು. ಕಲ್ಲು ಹಾಕಿಸಿ ಎಂದು ಮೂರು ಸಲ ಹೇಳಿದೆ. "ನೋಡೋಣ ಮಾರಾಯ" ಎಂದರು. ಕೊನೆಗೆ ಒಂದು ತುಂಡು ಇದ್ದಲು ಹಿಡಿದು, ಗಿರಾಕಿಗಳು ಕೈತೊಳೆಯುವ ಕಡೆಯ ಗೋಡೆಯ ಮೇಲೆ ಒಡೆದ ಮೆಟ್ಟಿಲನ್ನೂ ಸುಟ್ಟ ಕಾಲನ್ನೂ ಬರೆದೆ. ಅದು ಕಾಲೋ ಬದನೆಕಾಯಿಯೋ ಎನ್ನುವಂತಿತ್ತು! ದಣಿಗಳು ಅಳಿಸಿದರು, ಮತ್ತೆ ಬರೆದೆ. ಗಿರಾಕಿಗಳು ಗಲ್ಲೆಯ ಮುಂದೆ ನಿಂತು "ಇದೇನು?" ಎಂದು ಕೇಳತೊಡಗಿದರು. ಮೂರನೆಯ ದಿನ ಬೆಳಗ್ಗೆ ಹೊಸ ಕಲ್ಲು ಬಂತು.

ಆದರೆ ಮುರಿದ ಸಂಬಳ ಬರಲಿಲ್ಲ. ಇದನ್ನು ನೀವು ಗಮನಿಸಬೇಕು. ಕೆಲಸದಲ್ಲಿ ಗಾಯವಾದವನಿಗೆ ಪರಿಹಾರ ಸಿಗಬೇಕೆಂಬ ಕಾನೂನು ಈ ದೇಶದಲ್ಲಿ 1923ರಲ್ಲಿಯೇ ಆಗಿತ್ತು. ನಮಗೆ ಯಾರಿಗೂ ತಿಳಿದಿರಲಿಲ್ಲ. ತಿಳಿದವರೊಬ್ಬರನ್ನು ಕೇಳಿಕೊಂಡು, ನಾವು ಹನ್ನೊಂದು ಮಂದಿ ಒಟ್ಟಿಗೆ ದಣಿಗಳ ಮುಂದೆ ನಿಂತ ದಿನ ಆ ದುಡ್ಡು ಬಂತು. ಗೋಡೆಯ ಚಿತ್ರ ಕಲ್ಲನ್ನು ತಂದಿತು. ಹುಡುಗನ ಕೂಲಿಯನ್ನು ತಂದದ್ದು ಒಗ್ಗಟ್ಟು. ನಾನು ಸಂಘದ ಕೆಲಸಕ್ಕೆ ಬಂದದ್ದು ಅಂದಿನಿಂದ.

ಬೆಂಗಳೂರಿನಲ್ಲಿಯೂ ಅಷ್ಟೇ. ಮೊಸಳೆ ಇದ್ದ ಹೊಂಡ ಮುಚ್ಚಿತು. ಇಲ್ಲದ ಹೊಂಡಗಳು ಎಷ್ಟೋ ಉಳಿದವು. ಇದು ಕಲಾವಿದನ ತಪ್ಪಲ್ಲ. ಅವರು ಬೆರಳು ತೋರಿಸಿದರು. ಆ ಕಡೆಗೆ ನಡೆಯಬೇಕಾದವರು ನಾವು. ಬೆರಳು ತೋರಿಸುವುದೂ ಯಾವಾಗಲೂ ಸುಲಭವಲ್ಲ. 1989ರ ಜನವರಿ 1ರಂದು ದೆಹಲಿಯ ಹತ್ತಿರದ ಸಾಹಿಬಾಬಾದಿನಲ್ಲಿ ಕೆಲಸಗಾರರ ನಡುವೆ ಬೀದಿನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿಯವರ ತಂಡದ ಮೇಲೆ ಹಲ್ಲೆಯಾಯಿತು. ಹಾಶ್ಮಿಯವರೂ, ರಾಮ ಬಹಾದ್ದೂರ್ ಎಂಬ ಕೆಲಸಗಾರನೂ ಪ್ರಾಣ ತೆತ್ತರು. ಮೂರು ದಿನಗಳ ಮೇಲೆ ಹಾಶ್ಮಿಯವರ ಪತ್ನಿ ಮಲಯಶ್ರೀಯವರು ತಂಡವನ್ನು ಕರೆದುಕೊಂಡು ಅದೇ ಜಾಗಕ್ಕೆ ಹೋಗಿ, ನಿಂತ ನಾಟಕವನ್ನು ಆಡಿ ಮುಗಿಸಿದರು.

ಬಂಧುಗಳೇ, ಈ ಊರ ಸುತ್ತ ಕಲ್ಲಿದ್ದಲಿಗೆ ಬರವಿಲ್ಲ. ಬರೆಯಲು ಒಂದು ತುಂಡು ಸಾಕು. ವಾರದ ರಜೆಯಿಲ್ಲದವನು, ಮಲಗಲು ಮೂಟೆಗಳ ನಡುವೆ ಜಾಗ ಹುಡುಕುವವನು, ತನ್ನ ಸಂಕಟವನ್ನು ಒಂದು ಹಾಳೆಯ ಮೇಲೆ ಬರೆದು ತರಲಿ. ಬದನೆಕಾಯಿಯಂತೆ ಕಂಡರೂ ಚಿಂತೆಯಿಲ್ಲ. ಮುಂದಿನ ಸಭೆಯಲ್ಲಿ ಅವನ್ನೆಲ್ಲ ಗೋಡೆಗೆ ತೂಗಿಸೋಣ. ಕೆಳಗೆ ನಮ್ಮ ಬೇಡಿಕೆಯನ್ನು ಬರೆದು ಎಲ್ಲರೂ ಒಟ್ಟಿಗೆ ಸಹಿ ಹಾಕೋಣ. ಸಹಿ ಬಾರದವನು ಹೆಬ್ಬೆಟ್ಟು ಒತ್ತಲಿ.