ಚೌಕಾಬಾರದ ಲೆಕ್ಕ

(ನಾರ್‌ಕ್ರಾಸ್‌ನಲ್ಲಿ ನಡೆದ ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರೊಬ್ಬರು ಆಡಿದ ಮಾತುಗಳು)

ಇವತ್ತು ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ನಾನು ಹೇಳಹೊರಟಿರುವುದು ಅವಳ ವಿಷಯ. ಅವಳ ಒಪ್ಪಿಗೆ ಪಡೆದೇ ಬಂದಿದ್ದೇನೆ.

ಅವಳು ಎರಡನೇ ಗ್ರೇಡ್‌ನಲ್ಲಿದ್ದಾಗ ನಮ್ಮ ಮನೆಯಲ್ಲಿ ಸಂಜೆ ಆರು ಗಂಟೆ ಅಂದರೆ ಅಳುವ ಹೊತ್ತು. ನಾನು ವರ್ಕ್‌ಶೀಟ್ ಮುಂದಿಟ್ಟು, ಗಡಿಯಾರ ನೋಡುತ್ತಾ ಕೂರುತ್ತಿದ್ದೆ. ಸೆವೆಂಟೀನ್ ಅಂದರೆ 71 ಬರೆಯುತ್ತಿದ್ದಳು. ನಾನು ದನಿ ಏರಿಸುತ್ತಿದ್ದೆ. ಒಂದು ದಿನ, "ನಂಗೆ ಮ್ಯಾತ್ಸ್ ಬರಲ್ಲ, ನಾನು ದಡ್ಡಿ" ಅಂದಳು. ಏಳು ವರ್ಷದ ಮಗುವಿಗೆ ಆ ಮಾತು ಕಲಿಸಿದವನು ನಾನೇ.

ಆ ಬೇಸಿಗೆಯಲ್ಲಿ ಅರಸೀಕೆರೆಯಿಂದ ನಮ್ಮಮ್ಮ ಬಂದರು. ಸಾರಿನ ಪುಡಿ, ಹಪ್ಪಳದ ಜೊತೆ ಪುಟ್ಟ ಚೀಲದಲ್ಲಿ ನಾಲ್ಕು ಕವಡೆ ತಂದಿದ್ದರು. ಮಾರನೆಯ ದಿನವೇ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತೈದು ಮನೆ ಬರೆದರು. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಗರ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇಷ್ಟು ಹೇಳಿ ಆಟ ಶುರು ಮಾಡಿಯೇಬಿಟ್ಟರು.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ನಾನು ಬಾಯಿ ಹಾಕಿದೆ. "ಎಂಟಕ್ಕೆ ಮೂರು ಸೇರಿಸಿದರೆ ಎಷ್ಟು? ಬೇಗ ಹೇಳು." ಮಗಳು ಕಾಯಿ ಕೆಳಗಿಟ್ಟು, "ಇದೂ ಹೋಂವರ್ಕಾ ಅಪ್ಪ?" ಅಂತ ಎದ್ದು ಹೋದಳು. ಅಮ್ಮ ನನ್ನ ಕಡೆ ತಿರುಗಿ, "ಆಡೋ ಮಗೂನ ಪರೀಕ್ಷೆಗೆ ಕೂರಿಸ್ತೀಯಲ್ಲೋ. ಒಳಗೆ ಹೋಗಿ ಕಾಫಿ ಮಾಡ್ಕೊಂಬಾ" ಅಂದರು. ಆಮೇಲೆ ಬಹಳ ದಿನ ನನ್ನ ಕೆಲಸ ಕಾಫಿ ಮಾಡುವುದೇ.

ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ. "ಅಜ್ಜಿ, ಅದು ಆರಲ್ಲ, ಐದನೇ ಮನೆ." ಅಮ್ಮ ತಪ್ಪು ಎಣಿಸುತ್ತಿದ್ದದ್ದು ಕಣ್ಣು ಮಂಜಾಗಿಯೋ ಬೇಕೆಂದೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಗೆದ್ದ ಆಟಗಳ ಲೆಕ್ಕವನ್ನು ಕನ್ನಡದಲ್ಲೇ ಇಡುತ್ತಿದ್ದರು. ಹದಿನೇಳು ಅಂದಾಗ ಹತ್ತು ಮೊದಲು, ಏಳು ಆಮೇಲೆ, ಬರೆಯುವ ಕ್ರಮದಲ್ಲೇ ಕಿವಿಗೆ ಬೀಳುತ್ತದೆ. ಸೆವೆಂಟೀನ್‌ನಲ್ಲಿ ಅದು ತಿರುಗುಮುರುಗು. ಅವಳ 71 ಎಲ್ಲಿಂದ ಬಂದಿತ್ತೆಂದು ನನಗೆ ಹೊಳೆದದ್ದು ಆಗ.

ಒಂದು ದಿನ ಅವಳೇ ಕೇಳಿದಳು: "ಎರಡು ಯಾಕೆ ಅಷ್ಟು ಸಲ ಬೀಳತ್ತೆ? ಬಾರ ಯಾಕೆ ಬೀಳೋದೇ ಇಲ್ಲ?" ಉತ್ತರ ಹೇಳಲು ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಅಜ್ಜಿ ಮೊಮ್ಮಗಳು ಬಿದ್ದ ಗರಗಳನ್ನೆಲ್ಲ ಗೀಟು ಹಾಕಿ ಗುರುತಿಟ್ಟರು. ನಾಲ್ಕು ಕವಡೆ ಬೀಳುವ ಬಗೆ ಒಟ್ಟು ಹದಿನಾರು. ಎರಡು ಗರ ಬರುವುದು ಅದರಲ್ಲಿ ಆರು ಬಗೆಯಲ್ಲಿ, ಬಾರ ಬರುವುದು ಒಂದೇ ಬಗೆಯಲ್ಲಿ. (ಕವಡೆಯ ಬೆನ್ನು ಉಬ್ಬಿರುವುದರಿಂದ ಅಂಗಾತ, ಬೋರಲು ಸರಿಸಮವಾಗಿ ಬೀಳುವುದಿಲ್ಲ ಎನ್ನುವುದು ಬೇರೆ ಮಾತು.) ಇದನ್ನೆಲ್ಲ ಅವಳು ಹೈಸ್ಕೂಲಿನಲ್ಲಿ ಓದುತ್ತಾಳೆ. ಆದರೆ ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ನಿಲ್ಲಬಾರದು, ಕಡಿದುಬಿಡುತ್ತಾರೆ ಎನ್ನುವುದು ಅವಳಿಗೆ ಅಂದೇ ಗೊತ್ತಾಯಿತು.

ಮಳೆ ಬಂದ ದಿನ ಅಳಿಗುಳಿಮಣೆ. ಹನ್ನೆರಡು ಮೊಟ್ಟೆಯ ಖಾಲಿ ಡಬ್ಬ, ಜೊತೆಗೆ ಎರಡು ಬಟ್ಟಲು, ಹದಿನಾಲ್ಕು ಗುಳಿ ಆಯಿತು. ಗುಳಿಗೆ ನಾಲ್ಕರಂತೆ ಐವತ್ತಾರು ಹುಣಸೆ ಬೀಜ. ಒಂದು ಬೀಜ ಸೋಫಾದ ಕೆಳಗೆ ಹೋದರೂ ಅವಳಿಗೆ ತಿಳಿಯುತ್ತಿತ್ತು. ಮನೆಯಲ್ಲಿ ಕೂಸುಗಳಿದ್ದವರು ಬೀಜದ ಮೇಲೆ ಕಣ್ಣಿಟ್ಟಿರಿ, ಬಾಯಿಗೆ ಹಾಕಿಕೊಳ್ಳುತ್ತವೆ.

ನಮ್ಮ ಅಟ್ಲಾಂಟದ ಕನ್ನಡ ಕೂಟಕ್ಕೆ ನೃಪತುಂಗನ ಹೆಸರಿದೆ. ಆ ದೊರೆಯ ಕಾಲದಲ್ಲೇ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದದ್ದು. ಮಗಳಿಗೆ ಇದನ್ನು ಹೇಳಿದರೆ, "ಅವರು ಚೌಕಾಬಾರ ಆಡ್ತಿದ್ರಾ?" ಅಂದಳು.

ಅವಳ ಅಂಕಗಳು ಆಟದಿಂದಲೇ ಏರಿದವು ಎಂದು ನಾನು ಹೇಳಲಾರೆ. ಅಳು ನಿಂತಿತು, ಅಷ್ಟು ಹೇಳಬಲ್ಲೆ.

ಆರು ತಿಂಗಳಾದ ಮೇಲೆ ಅಮ್ಮ ಊರಿಗೆ ಹೊರಟರು. ಕವಡೆ ಇಲ್ಲೇ ಬಿಟ್ಟುಹೋದರು. ಈಗ ಶನಿವಾರ ಬೆಳಿಗ್ಗೆ ಫೋನಿನಲ್ಲಿ ಆಟ. ಅಲ್ಲೊಂದು ಮನೆ, ಇಲ್ಲೊಂದು ಮನೆ, ಇಬ್ಬರ ಕಾಯಿಯೂ ಎರಡೂ ಕಡೆ ನಡೆಯಬೇಕು. "ಅಜ್ಜಿ, ಕಟ್ಟೆಯಿಂದ ಮೂರನೇ ಮನೆಯಲ್ಲಿರೋ ನನ್ನ ಕಾಯಿ ಒಳಗೆ ತಗೊಳ್ಳಿ" ಅಂತ ಬಾಯಿಬಿಟ್ಟು ಹೇಳದಿದ್ದರೆ ಆಟ ಮುಂದೆ ಹೋಗುವುದಿಲ್ಲ. ಕನ್ನಡ ತರಗತಿಗೆ ಅವಳು ತಡವಾಗಿ ಬಂದ ಶನಿವಾರಗಳಿಗೆ ಇದೇ ಕಾರಣ. ಗುರುಗಳು ಕ್ಷಮಿಸಬೇಕು.

ಹೊರಗೆ ಊಟದ ಮೇಜುಗಳ ಪಕ್ಕ ಎರಡು ಚೌಕಾಬಾರದ ಮನೆ ಬರೆದಿಟ್ಟಿದ್ದೇವೆ. ಮಕ್ಕಳು ಆಡಲಿ. ಅಪ್ಪಂದಿರು ದಯವಿಟ್ಟು ಊಟ ಬಡಿಸಲು ಬನ್ನಿ.