ಬಾಲ ಉಳಿಸಿಕೊಂಡವರ ಆಟ



ವಲಸೆ, ಭಾಷಾನೀತಿ, ಕೋಮುವಾದಗಳ ಚರ್ಚೆ ನಡೆಯುವ ಈ ವೇದಿಕೆಯಲ್ಲಿ, ನರಿ ಮತ್ತು ಮೊಲಗಳು ಮನುಷ್ಯರಾಗುವ ಆಟವೊಂದರ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು ನಕ್ಕರು. ನಗಲಿ. ನಮ್ಮ ಮಕ್ಕಳು ಯಾವ ಆಟದ ಮೂಲಕ ಲೋಕವನ್ನು ಕಲಿಯುತ್ತಾರೆಂಬುದು ನನಗೆ ಈ ಚರ್ಚೆಗಳ ಒಳಗಿನ ಪ್ರಶ್ನೆಯಾಗಿಯೇ ಕಂಡಿದೆ.

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಕಟ್ಟುವ ಆಟಗಳು ನಿಮಗೆ ಗೊತ್ತಿರಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಪರಂಪರೆಯ ಮೊದಲ ಹೆಸರು. ಅದು ಯುದ್ಧದಾಟಗಳಿಂದ ಹುಟ್ಟಿದ್ದು. ನೆಲಮಾಳಿಗೆಗೆ ನುಗ್ಗುವುದು, ಅಲ್ಲಿರುವವರನ್ನು ಕೊಲ್ಲುವುದು, ಅವರ ಸಂಪತ್ತನ್ನು ಹೊತ್ತು ತರುವುದು, ತಂದಷ್ಟೂ ಬಲಿಷ್ಠರಾಗುವುದು: ವಸಾಹತುಶಾಹಿಯ ಲೆಕ್ಕಪುಸ್ತಕ ನೆನಪಾದರೆ ಅದು ನಿಮ್ಮ ತಪ್ಪಲ್ಲ. ಎಲ್ಫ್, ಡ್ವಾರ್ಫ್ ಮುಂತಾದವರನ್ನು ಆ ಆಟ ದಶಕಗಳ ಕಾಲ 'ರೇಸ್' ಎಂದೇ ವಿಂಗಡಿಸಿತು. 2024ರ ನಿಯಮಪುಸ್ತಕದಲ್ಲಷ್ಟೇ ಆ ಪದ ಹೋಗಿ 'ಸ್ಪೀಸೀಸ್' ಬಂತು.

ನಾನು ಹೇಳಹೊರಟಿರುವ ಆಟ ಜಪಾನಿನದು. ರ್ಯೋ ಕಾಮಿಯಾ ಬರೆದ 'ಯೂಯಾಕೆ ಕೊಯಾಕೆ' 2006ರಲ್ಲಿ ಪ್ರಕಟವಾಯಿತು. ಯೂಅನ್ ಕ್ಲೂನಿಯವರ ಅನುವಾದದಲ್ಲಿ 2013ರಲ್ಲಿ 'ಗೋಲ್ಡನ್ ಸ್ಕೈ ಸ್ಟೋರೀಸ್' ಎಂದು ಇಂಗ್ಲಿಷಿಗೆ ಬಂತು. ಒಂದು ಪುಟ್ಟ ಹಳ್ಳಿಯೂರು. ಅಲ್ಲಿನ ನರಿ, ಬೆಕ್ಕು, ನಾಯಿ, ಮೊಲ, ಹಕ್ಕಿ ಮತ್ತು ತನುಕಿ ಎಂಬ ಕಾಡುಪ್ರಾಣಿಗಳಲ್ಲಿ ಕೆಲವಕ್ಕೆ ಮನುಷ್ಯರೂಪ ತಾಳುವ ಶಕ್ತಿಯಿದೆ. ಅವುಗಳನ್ನು ಜಪಾನಿಯಲ್ಲಿ 'ಹೆಂಗೆ' ಎನ್ನುತ್ತಾರೆ. (ನಮ್ಮ ಹಳ್ಳಿಮಾತಿನ 'ಹೆಂಗೆ' ಅಲ್ಲ, ಆದರೂ ಬೇರೆಯವರಂತೆ ಕಾಣುವುದು ಹೆಂಗೆ ಎಂಬುದೇ ಅವುಗಳ ತಾಪತ್ರಯ.) ಆಟಗಾರರು ಈ ಪ್ರಾಣಿಗಳಾಗುತ್ತಾರೆ. ಕೊಲ್ಲಬೇಕಾದ ಶತ್ರುವಿಲ್ಲ, ದೋಚಬೇಕಾದ ನಿಧಿಯಿಲ್ಲ. ಮುನಿಸಿಕೊಂಡ ಇಬ್ಬರು ಗೆಳತಿಯರನ್ನು ಒಂದುಗೂಡಿಸುವುದು, ದಾರಿ ತಪ್ಪಿದ ಮಗುವನ್ನು ಮನೆ ಮುಟ್ಟಿಸುವುದು, ಕಥೆಗಳೆಲ್ಲ ಇಷ್ಟೇ ದೊಡ್ಡವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ನಿಯಮಗಳು. ದಾಳ ಉರುಳಿಸುವಂತಿಲ್ಲ, ಅದೃಷ್ಟಕ್ಕೆ ಜಾಗವಿಲ್ಲ. ಪ್ರತಿ ಪಾತ್ರಕ್ಕೂ ಇತರರೊಂದಿಗೆ ಇರುವ ನಂಟುಗಳನ್ನು ಕಾಗದದ ಮೇಲೆ ಬರೆದಿಡಬೇಕು: ಯಾರೊಂದಿಗೆ, ಯಾವ ಬಗೆಯ ನಂಟು, ಎಷ್ಟು ಗಟ್ಟಿ. ಪ್ರತಿ ದೃಶ್ಯದ ಮೊದಲಿಗೆ ಆಟಗಾರರಿಗೆ ದೊರೆಯುವ ಬಲ ಆ ನಂಟುಗಳಿಂದಲೇ ಬರುತ್ತದೆ. ನೀವು ಇತರರನ್ನು ಎಷ್ಟು ಹಚ್ಚಿಕೊಂಡಿದ್ದೀರಿ ಎಂಬುದರಂತೆ, ಇತರರು ನಿಮ್ಮನ್ನು ಎಷ್ಟು ಹಚ್ಚಿಕೊಂಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮನಸ್ಸು ತಟ್ಟುವ ಮಾತನ್ನು ಯಾರಾದರೂ ಆಡಿದರೆ ಉಳಿದವರು ಆ ಕ್ಷಣವೇ ಅವರಿಗೆ 'ಕನಸು' ಎಂಬ ಅಂಕ ಕೊಡಬಹುದು. ನಂಟು ಗಟ್ಟಿಯಾಗುವುದು ಅದರಿಂದ. ಒಂಟಿಯಾಗಿ ಬಲಿಷ್ಠನಾಗುವ ದಾರಿಯನ್ನೇ ನಿಯಮ ಮುಚ್ಚಿಬಿಟ್ಟಿದೆ.

ರೂಪಾಂತರವೂ ಪುಕ್ಕಟೆಯಲ್ಲ. ಪೂರ್ತಿ ಮನುಷ್ಯರಾಗುವುದು ದುಬಾರಿ. ಕಿವಿಯೋ ಬಾಲವೋ ಉಳಿಯಲಿ ಎಂದರೆ ಅಗ್ಗ. ಮಕ್ಕಳೊಂದಿಗೆ ಆಡುವಾಗ ಹತ್ತು ವರ್ಷದ ಒಬ್ಬಳ ಬಳಿ ಪೂರ್ತಿ ರೂಪಕ್ಕೆ ಬೇಕಾದಷ್ಟು ಬಲವಿತ್ತು. ಆದರೂ ಅವಳ ನರಿ ಬಾಲ ಬಿಟ್ಟುಕೊಂಡೇ ಅಂಗಡಿಯ ಅಜ್ಜಿಯೆದುರು ನಿಂತಿತು. ಏಕೆಂದು ಕೇಳಿದೆ. "ಆ ಅಜ್ಜಿಗೆ ನಾನು ಯಾರೂಂತ ಗೊತ್ತಾಗ್ಲಿ" ಎಂದಳು. ಶಾಲೆಯಲ್ಲಿ ಅವಳು ಹೇಳಿಕೊಳ್ಳುವುದು ತನ್ನ ಹೆಸರಿನ ಮೊದಲ ಅರ್ಧವನ್ನು ಮಾತ್ರ.

ರೂಪಾಂತರವು ನೋಡುವವರ ಕೈಯಲ್ಲಿದೆ ಎಂಬ ತಿಳಿವು ಕನ್ನಡದ ಜನಪದಕ್ಕೆ ಹೊಸದಲ್ಲ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಚಿತ್ರ ಮಾಡಿದ ಕಥೆ ನೆನಪಿಸಿಕೊಳ್ಳಿ. ಬಡ ಹುಡುಗಿ ಹೂವಿನ ಮರವಾಗುತ್ತಾಳೆ. ಅವಳ ಮೇಲೆ ನೀರು ಸುರಿಯಬೇಕು, ಎಲೆ ಹರಿಯದಂತೆ ಹೂ ಬಿಡಿಸಬೇಕು, ಮತ್ತೆ ನೀರು ಸುರಿಯಬೇಕು; ಆಗ ಹುಡುಗಿ ಮರಳುತ್ತಾಳೆ. ಸಿರಿವಂತರ ಮನೆಯ ನಾದಿನಿ ಗೆಳತಿಯರೊಂದಿಗೆ ಬಂದು ರೆಂಬೆ ಮುರಿದು, ಅರೆಬರೆ ನೀರು ಚೆಲ್ಲಿ ಓಡಿಹೋಗುತ್ತಾಳೆ. ಹುಡುಗಿ ಮರವೂ ಅಲ್ಲದೆ ಮನುಷ್ಯಳೂ ಆಗದೆ, ಕೈಕಾಲಿಲ್ಲದೆ ಉಳಿಯುತ್ತಾಳೆ. ಜಪಾನಿನ ಆಟದಲ್ಲಿ ಇಂಥ ಕ್ರೌರ್ಯವಿಲ್ಲ. ನಮ್ಮ ಕಥೆ ಹೆಚ್ಚು ಬಲ್ಲದು ಎಂದೇ ನನ್ನ ಭಾವನೆ.

ನನ್ನ ತಕರಾರೂ ಅಲ್ಲೇ ಇದೆ. ಯುವಜನರನ್ನು ನಗರಗಳಿಗೆ ಕಳೆದುಕೊಂಡು ಜಪಾನಿನ ಹಳ್ಳಿಗಳು ಬರಿದಾಗುತ್ತಿರುವ ಕಾಲದಲ್ಲೇ ಈ ಆಟ ಸಂಜೆಗೆಂಪಿನ, ಎಲ್ಲರೂ ಒಳ್ಳೆಯವರಾದ ಊರೊಂದನ್ನು ಕಟ್ಟಿತು. ಅದರ ಮೋಹಕತೆಯಲ್ಲಿ ಹಂಬಲದ ಪಾಲು ದೊಡ್ಡದು. ಪರದೇಶದಲ್ಲಿ ಕುಳಿತು ಊರನ್ನು ನೆನೆಯುವ ನಮಗೆ ಆ ಹಂಬಲ ಬೇಗ ಅಂಟುತ್ತದೆ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಅಂಬೇಡ್ಕರರು ಹಳ್ಳಿಯ ವೈಭವೀಕರಣವನ್ನು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಿದ್ದನ್ನು ಬಲ್ಲ ನಾವು, ಮಕ್ಕಳಿಗೆ ಕೇರಿಯೇ ಇಲ್ಲದ ಊರನ್ನು ಹೇಗೆ ಕೊಡೋಣ?

ಆದ್ದರಿಂದ ನಮ್ಮ ಮೇಜಿನಲ್ಲಿ ಆಟದ ಊರನ್ನು ಬದಲಿಸಿಕೊಂಡೆವು. ಕೆರೆಯಿದೆ, ಕೇರಿಯಿದೆ, ಎರಡು ಬಾವಿಗಳಿವೆ. ಮನುಷ್ಯರೂಪದಲ್ಲಿ ಬಂದ ಮೊಲವನ್ನು ಮೊದಲ ಬಾವಿಯ ಬಳಿ ಯಾರೋ "ಯಾರ ಪೈಕಿ?" ಎಂದು ಕೇಳುತ್ತಾರೆ. ಕಳೆದ ತಿಂಗಳು ಆ ಪ್ರಶ್ನೆಗೆ ಮಕ್ಕಳು ಮುಕ್ಕಾಲು ಗಂಟೆ ತಲೆ ಕೆಡಿಸಿಕೊಂಡರು. ನಿಯಮಪುಸ್ತಕದಲ್ಲಿ ಉತ್ತರವಿರಲಿಲ್ಲ. ಕೊನೆಗೆ ಮೊಲ ಸುಳ್ಳು ಹೇಳಲಿಲ್ಲ, ನೀರೂ ಸಿಗಲಿಲ್ಲ. ನಾಯಿ ಮತ್ತು ಬೆಕ್ಕು ತಮ್ಮ ಕೊಡಗಳನ್ನೂ ಬರಿದು ಮಾಡಿ ಅದರೊಂದಿಗೆ ಹೊರಟವು.

ಆಟಕ್ಕೆ ಪೆನ್ಸಿಲು, ಕಾಗದ, ಎರಡು ಗಂಟೆಯ ಬಿಡುವು ಸಾಕು. ಊಟದ ನಂತರ ಪಕ್ಕದ ಕೋಣೆಯಲ್ಲಿ ಮೇಜು ಹಾಕಿದ್ದೇವೆ. ದೊಡ್ಡವರೂ ಬರಬಹುದು, ತನುಕಿಯ ಪಾತ್ರ ಇನ್ನೂ ಖಾಲಿಯಿದೆ.